ಅಚ್ಚಿನ ಕೀಲು

ಸಾಹಿತ್ಯಸಂಘದ ಪತ್ರಿಕೆಯಲ್ಲಿ ಮೋಟಾರಿನ ನಟ್ಟುಬೋಲ್ಟುಗಳ ವಿಷಯವನ್ನು ಬರೆಯಹೊರಟರೆ ವಾಚಕರಲ್ಲಿ ಕೆಲವರಾದರೂ ಹುಬ್ಬು ಗಂಟಿಕ್ಕುವುದು ಸಹಜ. ಅವರಿಗೆ ನಾನು ಹೇಳಬಹುದಾದ ಸಮಾಧಾನವಿಷ್ಟೆ: ಈ ವಿಷಯವು ನಮ್ಮ ನುಡಿಗೆ ಹೊಸದಲ್ಲ. ಸಂಸ್ಕೃತದ 'ಅಕ್ಷ'ವು 'ಅಚ್ಚು' ಎಂಬ ತದ್ಭವವಾಗಿ ನಮ್ಮ ಎತ್ತಿನ ಗಾಡಿಗಳ ಕೆಳಗೆ ಎಷ್ಟು ಕಾಲದಿಂದ ಹೊರೆ ಹೊತ್ತು ಕುಳಿತಿದೆಯೋ ಬಲ್ಲವರಿಲ್ಲ. ಅಚ್ಚಿನ ತುದಿಯಿಂದ ಚಕ್ರವು ಕಳಚಿ ಬೀಳದಂತೆ ತಡೆಯುವ ಬೆಣೆಗೆ ಋಗ್ವೇದದಲ್ಲಿಯೇ 'ಆಣಿ' ಎಂಬ ಹೆಸರುಂಟು. ನಮ್ಮ ಗಾಡಿಯವರ ಬಾಯಲ್ಲಿ ಅದು 'ಕಡಾಣಿ', 'ಕಡೆಗೀಲು'. ದೇವರ ದಾಸಿಮಯ್ಯನ ಒಂದು ವಚನಕ್ಕೆ ಈ ಕಡೆಗೀಲೇ ವಿಷಯ. 'ಕೀಲು' ಎಂಬ ಮಾತಂತೂ ನನಗೆ ಬಹಳ ಪ್ರಿಯವಾದದ್ದು. ಎರಡು ಕೂಡುವ ಸಂದಿಯೂ ಕೀಲೇ, ಆ ಸಂದಿಯನ್ನು ಬಿಡದಂತೆ ಹಿಡಿದಿಡುವ ಬೆಣೆಯೂ ಕೀಲೇ. ಕೂಡುವುದು ಬೇರೆ, ಕೂಡಿಸಿ ಹಿಡಿದಿಡುವುದು ಬೇರೆ ಎಂದು ನಮ್ಮ ಹಿರಿಯರಿಗೆ ತೋರಲಿಲ್ಲವೆಂದು ಕಾಣುತ್ತದೆ.

ರಾಮಾಯಣದ ಕಥೆಯೇ ಒಂದು ಕೀಲನ್ನು ಆಶ್ರಯಿಸಿದೆಯೆಂದರೆ ಅತಿಶಯೋಕ್ತಿಯಾಗದು. ವಾಲ್ಮೀಕಿಯ ಕೈಕೇಯಿಯು ಗಾಯಗೊಂಡ ದಶರಥನನ್ನು ರಣರಂಗದಿಂದ ದೂರ ಒಯ್ದು ಉಳಿಸಿ ವರಗಳನ್ನು ಪಡೆದಳು. ಅಧ್ಯಾತ್ಮರಾಮಾಯಣದಲ್ಲಿಯಾದರೋ ರಥದ ಅಕ್ಷಕೀಲವು ಮುರಿದು ಬಿದ್ದಾಗ ಆ ರಂಧ್ರದಲ್ಲಿ ತನ್ನ ಕೈಯನ್ನೇ ಇಟ್ಟು ಗಂಡನ ಪ್ರಾಣವನ್ನು ಕಾಪಾಡಿದಳು. ನಾನು ಶಾಲೆಯಲ್ಲಿ ಈ ಕಥೆಯನ್ನು ಹೇಳುವಾಗ ಹಿಂದಿನ ಸಾಲಿನ ಹುಡುಗನೊಬ್ಬನು ಎದ್ದು, "ಹೊರಡುವ ಮೊದಲು ಸಾರಥಿ ಆ ಕೀಲನ್ನು ನೋಡಲಿಲ್ಲವೆ ಮೇಷ್ಟ್ರೇ?" ಎಂದು ಕೇಳಿದ್ದನು. ತರಗತಿಯೆಲ್ಲ ನಕ್ಕಿತು. ಪ್ರಶ್ನೆಯಲ್ಲಿ ನಗತಕ್ಕದ್ದೇನೂ ಇರಲಿಲ್ಲ.

ಇರಲಿ, ಪ್ರಕೃತಕ್ಕೆ ಬರೋಣ. ನಮ್ಮ ಮನೆಯಲ್ಲಿರುವ ಮೋಟಾರು 1984ರ ಅಂಬಾಸಿಡರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಎಂಬ ಕಾರಿನ ಮೂರನೆಯ ಮಾದರಿಯನ್ನು ಅನುಸರಿಸಿ ಬಂಗಾಳದ ಉತ್ತರಪಾಡಾದಲ್ಲಿ ಹಿಂದುಸ್ಥಾನ್ ಮೋಟರ್ಸಿನವರು 1958ರಿಂದ 2014ರ ಮೇ ತಿಂಗಳವರೆಗೆ ಈ ಕಾರನ್ನು ತಯಾರಿಸಿದರು. ಐವತ್ತಾರು ವರ್ಷ ಹೊರಮೈಯಲ್ಲಿ ಹೆಚ್ಚು ವ್ಯತ್ಯಾಸವಿಲ್ಲದೆ ನಡೆದುಬಂದ ವಾಹನವು ಬೇರೆ ಯಾವುದೂ ನಮ್ಮ ದೇಶದ ರಸ್ತೆಗಳಲ್ಲಿ ಇದ್ದಂತೆ ನನ್ನ ನೆನಪಿಗೆ ಬಾರದು. ಮಂತ್ರಿಗಳೂ ಮದುಮಕ್ಕಳೂ ಅಡಕೆಮೂಟೆಗಳೂ ಒಂದೇ ಬಗೆಯ ಆಸನದ ಮೇಲೆ ಕುಳಿತು ಹೋದ ಕಾಲವದು. ನಮ್ಮದನ್ನು ಕೊಂಡವರು ನನ್ನ ಅಣ್ಣ. ತೋಟದ ಕೆಲಸಕ್ಕೂ, ತೀರ್ಥಹಳ್ಳಿಯ ಪೇಟೆಗೂ, ವರ್ಷಕ್ಕೊಮ್ಮೆ ಆಗುಂಬೆಯ ಘಾಟಿಯನ್ನಿಳಿದು ಉಡುಪಿಗೂ ಅದರಲ್ಲಿಯೇ ಓಡಾಡಿದರು. ಅವರು 2019ರಲ್ಲಿ ತೀರಿಕೊಂಡ ಮೇಲೆ ಬಂಡಿಯನ್ನು ಮಾರಿಬಿಡೋಣವೆಂದು ಮಕ್ಕಳು ಹೇಳಿದರು; ಅತ್ತಿಗೆಯವರು ಒಪ್ಪಲಿಲ್ಲ. ಹೀಗೆ ಅದರ ಯೋಗಕ್ಷೇಮವು ನಿವೃತ್ತನಾಗಿ ಮನೆಯಲ್ಲಿ ಕುಳಿತಿದ್ದ ನನ್ನ ಪಾಲಿಗೆ ಬಂದಿತು.

ಹೋದ ವರ್ಷ ಮಳೆಗಾಲ ಮುಗಿಯುತ್ತಲೇ ಬಂಡಿಯಲ್ಲಿ ಒಂದು ಹೊಸ ಶಬ್ದವು ಹುಟ್ಟಿತು. ಹೊರಡುವಾಗ ಒಮ್ಮೆ 'ಠಣ್' ಎನ್ನುವುದು. ವೇಗವನ್ನು ತಗ್ಗಿಸಲು ಕಾಲನ್ನು ಹಿಂದೆಗೆದಾಗ ಇನ್ನೊಮ್ಮೆ 'ಠಣ್' ಎನ್ನುವುದು. ನಡುವೆ ಏನೂ ಇಲ್ಲ. ಹ್ರಸ್ವದೀರ್ಘಗಳಿಗೆ ಕಿವಿಗೊಟ್ಟೇ ಬದುಕು ಸವೆಸಿದವನಿಗೆ ಇಂಥ ಶಬ್ದವು ಬೇಗ ತಿಳಿಯುತ್ತದೆ. ನೆರೆಮನೆಯ ಹುಡುಗನೊಬ್ಬನು ಐ.ಟಿ.ಐ.ಯಲ್ಲಿ ಮೋಟಾರಿನ ಕೆಲಸವನ್ನು ಕಲಿತವನು. ಅವನನ್ನು ಕರೆದು ಕೇಳಿಸಿದೆನು. ಅವನು ಬಂಡಿಯ ಕೆಳಗೆ ನುಸುಳಿ ಉದ್ದನೆಯ ಶಾಫ್ಟನ್ನು ಎರಡು ಕೈಗಳಿಂದ ಹಿಡಿದು ಅತ್ತಿತ್ತ ತಿರುವಿ, "ಜಾಯಿಂಟು ಗಟ್ಟಿಯಿದೆ ಮೇಷ್ಟ್ರೇ, ಅದರ ಬೋಲ್ಟುಗಳೇ ಸಡಿಲ" ಎಂದನು.

ಈ ಜಾಯಿಂಟು ಎಂಬುದೇನೆಂದು ಸ್ವಲ್ಪ ಹೇಳಬೇಕು. ಎಂಜಿನ್ನು ಮುಂದುಗಡೆ ಇರುತ್ತದೆ. ಓಡಿಸತಕ್ಕ ಚಕ್ರಗಳು ಹಿಂದುಗಡೆ ಇರುತ್ತವೆ. ನಡುವಿನ ದೂರವನ್ನು ಪ್ರೊಪೆಲ್ಲರ್ ಶಾಫ್ಟ್ ಎಂಬ ಪೊಳ್ಳು ಉಕ್ಕಿನ ಕೊಳವೆಯೊಂದು ತಿರುಗುತ್ತ ದಾಟಿಸುತ್ತದೆ. ಎಂಜಿನ್ನು ಚೌಕಟ್ಟಿನಲ್ಲಿ ಕುಳಿತದ್ದು, ಹಿಂದಿನ ಅಚ್ಚಾದರೋ ಹೊಂಡ ದಿಣ್ಣೆಗಳಿಗೆ ತಕ್ಕಂತೆ ಪಟ್ಟೆಗಳ ಮೇಲೆ ಏರಿಳಿಯುವಂಥದ್ದು. ಆದಕಾರಣ ಶಾಫ್ಟಿನ ಎರಡು ತುದಿಗಳಲ್ಲಿಯೂ ಮಣಿಯುತ್ತಲೇ ತಿರುಗಬಲ್ಲ ಒಂದೊಂದು ಕೀಲು ಬೇಕಾಗುತ್ತದೆ. ಎರಡು ಕವಲುಗಳ ನಡುವೆ ಅಧಿಕಚಿಹ್ನೆಯ ಆಕಾರದ ಉಕ್ಕಿನ ತುಂಡೊಂದನ್ನು ಸೇರಿಸಿದ ಈ ಕೀಲಿಗೆ ನಮ್ಮ ಮೆಕ್ಯಾನಿಕ್ಕುಗಳು 'ಕ್ರಾಸ್' ಎನ್ನುತ್ತಾರೆ. ಇದರಲ್ಲಿ ಒಂದು ವಿಚಿತ್ರವುಂಟು. ಬಾಗಿದ ಒಂದು ಕೀಲಿನ ಮೂಲಕ ತಿರುಗುವಿಕೆಯು ಹಾದಾಗ ಅದು ಸಮವಾಗಿ ಉಳಿಯುವುದಿಲ್ಲ. ಒಂದೊಂದು ಸುತ್ತಿನಲ್ಲಿ ಎರಡು ಸಲ ಚುರುಕಾಗಿ ಎರಡು ಸಲ ನಿಧಾನಿಸುತ್ತದೆ. ಎರಡನೆಯ ಕೀಲು, ಸರಿಯಾದ ನಿಲುವಿನಲ್ಲಿದ್ದರೆ, ಮೊದಲನೆಯದು ತಂದ ಈ ವೈಷಮ್ಯವನ್ನು ಅಳಿಸಿಬಿಡುತ್ತದೆ. ದಂಪತಿಗಳ ವಿಷಯದಲ್ಲಿ ನಾನು ಇಂಥದನ್ನು ಕಂಡಿದ್ದೇನೆ.

ಹಿಂದಿನ ಕೀಲಿನ ತುದಿಯಲ್ಲಿ ಒಂದು ಚಪ್ಪಟೆಯಾದ ಉಕ್ಕಿನ ಮುಖವಿದೆ. ಅದಕ್ಕೆದುರಾಗಿ ಅಚ್ಚಿನ ಹೌಸಿಂಗಿನಿಂದ ಹೊರಬಂದ ಇನ್ನೊಂದು ಮುಖವಿದೆ. ಎರಡನ್ನೂ ಕೂಡಿಸುವುವು ನಾಲ್ಕು ಬೋಲ್ಟುಗಳು. ಎಂಜಿನ್ನಿನ ಶಕ್ತಿಯೆಲ್ಲ ಕಿರುಬೆರಳಿನ ಗಾತ್ರದ ಈ ನಾಲ್ಕರ ನೆರವಿಲ್ಲದೆ ಚಕ್ರವನ್ನು ಮುಟ್ಟಲಾರದು.

ಬಿಚ್ಚುವ ಕೆಲಸವು ನೋಡುವುದಕ್ಕೆ ಸುಲಭ. ಆದರೆ ಎಚ್ಚರವಿಲ್ಲದವನು ಕೈಹಾಕತಕ್ಕದ್ದಲ್ಲ. ಶಾಫ್ಟು ಕಳಚಿದ ಕ್ಷಣದಿಂದ ಗೇರಿಗೂ ಚಕ್ರಕ್ಕೂ ಸಂಬಂಧವೇ ತಪ್ಪುತ್ತದೆ. ಗೇರಿನಲ್ಲಿ ನಿಲ್ಲಿಸಿದ್ದೇನೆಂಬ ಧೈರ್ಯದಿಂದ ಇಳಿಜಾರಿನಲ್ಲಿ ಕೆಳಗೆ ಮಲಗಿದವನ ಮೇಲೆ ಬಂಡಿಯು ಉರುಳಬಹುದು. ಆದ್ದರಿಂದ ಸಮನೆಲವನ್ನು ಹುಡುಕಿ, ಮುಂದಿನ ಚಕ್ರಗಳಿಗೆ ಎರಡು ಕಡೆಯೂ ಕಲ್ಲುಕೊಟ್ಟು, ಜಾಕಿಯನ್ನು ನಂಬದೆ ಅಚ್ಚಿನ ಕೆಳಗೆ ದಪ್ಪನೆಯ ಹಲಸಿನ ದಿಮ್ಮಿಗಳನ್ನಿಟ್ಟೆವು. ಹುಡುಗನು ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆಯನ್ನು ಹಾಕಿ ಹೋಗಿದ್ದನು. ಎಣ್ಣೆಗೆ ಒಂದು ರಾತ್ರಿಯ ಅವಕಾಶವನ್ನು ಕೊಡದೆ ಬಲಪ್ರಯೋಗ ಮಾಡುವವರೇ ಬೋಲ್ಟಿನ ತಲೆಯನ್ನು ಮುರಿಯುವವರು.

ಕವಲು ಅಡ್ಡವಿರುವುದರಿಂದ ನಾಲ್ಕು ನಟ್ಟುಗಳೂ ಒಟ್ಟಿಗೆ ಕೈಗೆ ಸಿಕ್ಕುವುದಿಲ್ಲ. ಹಿಂದಿನ ಚಕ್ರಗಳು ನೆಲ ಬಿಟ್ಟಿದ್ದರೆ ಶಾಫ್ಟನ್ನು ತಿರುಗಿಸಿ ಒಂದೊಂದನ್ನೂ ಎದುರಿಗೆ ತಂದುಕೊಳ್ಳಬಹುದು. ಬಿಚ್ಚುವಾಗ ಹ್ಯಾಂಡ್‌ಬ್ರೇಕನ್ನು ಎಳೆದು, ತಿರುಗಿಸುವಾಗ ಬಿಡಬೇಕು. ಹುಡುಗನು ಕೆಳಗಿನಿಂದ "ಎಳೀರಿ", "ಬಿಡಿ" ಎನ್ನುವನು. ನಾನು ಮೇಲೆ ಕುಳಿತು ಹಾಗೆ ಮಾಡುವೆನು. ಮೂವತ್ತೈದು ವರ್ಷ ಇತರರಿಗೆ ಅಪ್ಪಣೆ ಮಾಡಿದ ಮೇಲೆ ಇದೊಂದು ಬಗೆಯ ವಿಶ್ರಾಂತಿ. ಬಿಚ್ಚುವ ಮೊದಲು ಎರಡು ಮುಖಗಳಿಗೂ ಸೇರಿಸಿ ಒಂದು ಗೆರೆಯನ್ನು ಕೊರೆದಿಟ್ಟೆವು. ಇದು ಬಹು ಮುಖ್ಯ. ತಿರುಗುವ ವಸ್ತುವು ತೂಕಕ್ಕೆ ಹೊಂದಿಕೊಂಡು ಕುಳಿತಿರುತ್ತದೆ. ಮತ್ತೆ ಜೋಡಿಸುವಾಗ ಮುಖವು ಕಾಲು ಸುತ್ತು ತಪ್ಪಿ ಕುಳಿತರೆ ವೇಗದಲ್ಲಿ ನಡುಕ ಬರಬಹುದು. ಕೊನೆಯ ಬೋಲ್ಟನ್ನು ತೆಗೆಯುವಾಗ ಶಾಫ್ಟಿಗೆ ಕೈಯಾಸರೆ ಬೇಕು, ಇಲ್ಲವಾದರೆ ಅದು ಕೆಳಗಿರುವವನ ಎದೆಯ ಮೇಲೆಯೇ ಬೀಳುವುದು.

ನಾಲ್ಕು ಬೋಲ್ಟುಗಳೂ ಹೊರಬಂದಾಗ ಕಂಡದ್ದಿದು. ಮೂರು ಹಳೆಯವು, ಸವೆದವು. ನಾಲ್ಕನೆಯದು ಪರಕೀಯ. ಹಿಂದೊಮ್ಮೆ ಅಣ್ಣನು ಪೇಟೆಯ ಒಂದು ಗ್ಯಾರೇಜಿನಲ್ಲಿ ಕ್ರಾಸ್ ಬದಲಾಯಿಸಿಸಿದ್ದರು. ಅಲ್ಲಿ ಮೂಲದ ಬೋಲ್ಟು ಎಲ್ಲಿಯೋ ಉರುಳಿಹೋಗಿ, ಕೈಗೆ ಸಿಕ್ಕ ಮಿಲಿಮೀಟರಿನ ಬೋಲ್ಟೊಂದನ್ನು ಹಾಕಿ ಕಳುಹಿಸಿದ್ದರು. ಈ ಬಂಡಿಯ ಹಳೆಯ ಅಂಗಗಳೆಲ್ಲ ಅಂಗುಲದ ಅಳತೆಯವು. ಅಂಗುಲಕ್ಕೂ ಮಿಲಿಮೀಟರಿಗೂ ಇರುವ ವೈರವು ಬಹಳ ಸೂಕ್ಷ್ಮವಾದದ್ದು. 9/16 ಅಂಗುಲದ ತಲೆಯೆಂದರೆ 14.29 ಮಿಲಿಮೀಟರು, 14ರ ಸ್ಪ್ಯಾನರು ಅದರೊಳಗೆ ಹೋಗದು, 15ರದು ಹೋದಂತೆ ಮಾಡಿ ಮೂಲೆಗಳನ್ನು ಸವೆಸುವುದು. ನಮ್ಮ ಪಾಠಶಾಲೆಯಲ್ಲಿ ವ್ಯಾಕರಣದ ಗುರುಗಳು, ಆಗಮವು ಮಿತ್ರನಂತೆ ಬಂದು ಪಕ್ಕದಲ್ಲಿ ಕುಳಿತುಕೊಳ್ಳುತ್ತದೆ, ಆದೇಶವು ಶತ್ರುವಿನಂತೆ ಬಂದು ಇದ್ದವನನ್ನು ಎಬ್ಬಿಸಿ ತಾನು ಕುಳಿತುಕೊಳ್ಳುತ್ತದೆ ಎಂದು ಹೇಳಿಕೊಡುತ್ತಿದ್ದರು. ರಂಧ್ರಕ್ಕಿಂತ ಸಣ್ಣದಾಗಿದ್ದ ಆ ನಾಲ್ಕನೆಯ ಬೋಲ್ಟು ನಿಜವಾದ ಆದೇಶ. ಅದು ತನ್ನ ಪಾಲಿನ ಕೆಲಸವನ್ನು ಮಾಡದೆ, ಉಳಿದ ಮೂರರ ಮೇಲೆ ಹೊರಿಸಿ, ರಂಧ್ರದಲ್ಲಿ ಅಲುಗಾಡುತ್ತ ಇಷ್ಟು ಕಾಲ ಜೊತೆಯಲ್ಲಿ ತಿರುಗಿತ್ತು.

ಕಟ್ಟುವ ಕೆಲಸದಲ್ಲಿ ನನಗೆ ಮೊದಲು ತಿಳಿಯದಿದ್ದ ತತ್ತ್ವವೊಂದಿತ್ತು. ಬೋಲ್ಟು ಮೊಳೆಯಂತೆ ಅಡ್ಡನಿಂತು ಎರಡು ಮುಖಗಳನ್ನು ತಡೆದು ಹಿಡಿಯುತ್ತದೆಂದು ನಾವು ಭಾವಿಸುತ್ತೇವೆ. ಹಾಗಲ್ಲ. ನಟ್ಟನ್ನು ಬಿಗಿದಾಗ ಬೋಲ್ಟು ಕೂದಲೆಳೆಯಷ್ಟು ಉದ್ದವಾಗಿ ಎಳೆಯಲ್ಪಡುತ್ತದೆ. ರಬ್ಬರಿನಂತೆ ಮತ್ತೆ ಕುಗ್ಗಲೆಳಸುವ ಅದರ ಬಲವು ಎರಡು ಮುಖಗಳನ್ನೂ ಒಂದಕ್ಕೊಂದು ಒತ್ತಿ ಹಿಡಿಯುತ್ತದೆ. ಆ ಒತ್ತಡದಿಂದ ಹುಟ್ಟಿದ ಘರ್ಷಣವೇ ಶಕ್ತಿಯನ್ನು ದಾಟಿಸುವುದು. ಎಳೆತವು ಹೋದರೆ ಬೋಲ್ಟು ಇದ್ದೂ ಇಲ್ಲದಂತೆ. ಎಳೆತವೆಷ್ಟೋ ಬಲವಷ್ಟು ಎಂಬ ಈ ನಿಯಮವನ್ನು ಕಂಡವನು ಇಂಗ್ಲೆಂಡಿನ ರಾಬರ್ಟ್ ಹುಕ್ (1635-1703). ಅವನು ಅದನ್ನು 1676ರಲ್ಲಿ ಅಚ್ಚಾದ ಒಂದು ಸಣ್ಣ ಪುಸ್ತಕದಲ್ಲಿ, ಲ್ಯಾಟಿನ್ ವಾಕ್ಯದ ಅಕ್ಷರಗಳನ್ನೆಲ್ಲ ವರ್ಣಮಾಲೆಯ ಕ್ರಮದಲ್ಲಿ ಕಲಸಿಟ್ಟು, ಒಗಟಾಗಿ ಪ್ರಕಟಿಸಿದನು. 1678ರಲ್ಲಿ ತಾನೇ ಬಿಡಿಸಿ ಹೇಳಿದನು. ನಮ್ಮ ಚಿತ್ರಕವಿಗಳು ಕೇಳಿದ್ದರೆ ಅವನನ್ನು ತಮ್ಮ ಗೋಷ್ಠಿಗೆ ಸೇರಿಸಿಕೊಳ್ಳುತ್ತಿದ್ದರು. ಹೆಚ್ಚಿನ ಆಶ್ಚರ್ಯವೆಂದರೆ, ನಮ್ಮ ಬಂಡಿಯ ಕೆಳಗಿರುವ ಮಣಿಯುವ ಕೀಲಿಗೆ ಇಂದು ಇಂಗ್ಲಿಷಿನಲ್ಲಿ ಇರುವ ಯೂನಿವರ್ಸಲ್ ಜಾಯಿಂಟ್ ಎಂಬ ಹೆಸರು ಕಂಡುಬರುವುದೂ ಅದೇ ಪುಸ್ತಕದಲ್ಲಿಯೇ. ಕೀಲೂ ಕೀಲನ್ನು ಹಿಡಿಯುವ ಬಲವೂ ಹೀಗೆ ಒಂದೇ ಹೊತ್ತಗೆಯಲ್ಲಿ ಕೂಡಿವೆ. ಕನ್ನಡದ 'ಕೀಲು' ಎಂಬ ಮಾತಿನ ವಿಷಯದಲ್ಲಿ ಮೊದಲು ಹೇಳಿದ್ದನ್ನು ವಾಚಕರು ಇಲ್ಲಿ ಸ್ಮರಿಸಬಹುದು.

ನಾವು ಸ್ಪ್ಯಾನರಿನ ಮೇಲೆ ಹಾಕುವ ಬಲದಲ್ಲಿ ಸುಮಾರು ಹತ್ತನೆಯ ಒಂದು ಪಾಲು ಮಾತ್ರ ಬೋಲ್ಟನ್ನು ಎಳೆಯುವುದಕ್ಕೆ ಸಲ್ಲುತ್ತದೆ. ಉಳಿದದ್ದೆಲ್ಲ ಸುತ್ತುಗಳ ಘರ್ಷಣಕ್ಕೂ ತಲೆಯಡಿಯ ಘರ್ಷಣಕ್ಕೂ ಕಂದಾಯವಾಗಿ ಹೋಗುತ್ತದೆ. ಆದುದರಿಂದ ತುಕ್ಕು ಹಿಡಿದ ಬೋಲ್ಟನ್ನು ತೋಳು ನೋಯುವಂತೆ ಬಿಗಿದರೂ ಅದು ಬಿಗಿದಂತಲ್ಲ. ಸುತ್ತುಗಳು ಶುಚಿಯಾಗಿರಬೇಕು, ಮುಖಗಳ ನಡುವೆ ಮಣ್ಣಾಗಲಿ ಬಣ್ಣವಾಗಲಿ ಇರಬಾರದು, ಒಂದನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋಗದೆ, ಎದುರುಬದುರಾಗಿ, ಎರಡು ಮೂರು ಆವೃತ್ತಿಗಳಲ್ಲಿ ಬಿಗಿಯಬೇಕು. ಹುಡುಗನು ಬಲವನ್ನು ಅಳೆದು ತೋರಿಸುವ ಟಾರ್ಕ್ ರೆಂಚನ್ನು ಎರವಲು ತಂದಿದ್ದನು. ತೋಳಿನ ಅಂದಾಜನ್ನೇ ನೆಚ್ಚಿದ ಹಳೆಯ ಕಸಬುದಾರರು ಇದನ್ನು ಕಂಡರೆ ನಗುತ್ತಾರೆ. ನಗಲಿ.

ಇನ್ನು ಬಿಗಿದದ್ದು ಬಿಡದಂತೆ ಮಾಡುವುದು. ನಟ್ಟಿನ ಕೆಳಗೆ ಸ್ಪ್ರಿಂಗ್ ವಾಷರೊಂದಿದ್ದರೆ ಸಾಕೆಂಬುದು ಬಹುಕಾಲದ ನಂಬಿಕೆ. ಜರ್ಮನಿಯ ಯುಂಕರ್ ಎಂಬವನು 1969ರಲ್ಲಿ ಪ್ರಕಟಿಸಿದ ಪರೀಕ್ಷೆಗಳಿಂದ, ಬೋಲ್ಟನ್ನು ಬಿಚ್ಚುವುದರಲ್ಲಿ ಮುಖಗಳು ಪಕ್ಕಕ್ಕೆ ಜಾರುವ ಅಲುಗಾಟದಷ್ಟು ಕ್ರೂರವಾದದ್ದು ಬೇರೆ ಇಲ್ಲವೆಂದೂ, ಅದರೆದುರಿಗೆ ಸ್ಪ್ರಿಂಗ್ ವಾಷರಿನ ಸಹಾಯವು ಅತ್ಯಲ್ಪವೆಂದೂ ತಿಳಿದುಬಂದಿತು. ಈ ಕಡೆಗಳಲ್ಲಿ ಈಗ ಹಾಕುವುದು ನೈಲಾಕ್ ನಟ್ಟು. ಅದರ ಬಾಯಲ್ಲಿ ನೈಲಾನಿನ ಒಂದು ಬಳೆಯಿದ್ದು ಬೋಲ್ಟಿನ ಸುತ್ತುಗಳನ್ನು ಕಚ್ಚಿ ಹಿಡಿಯುತ್ತದೆ. ಸ್ಟಿಯರಿಂಗಿನ ಕೀಲುಗಳಲ್ಲಿಯೂ ಮುಂದಿನ ಚಕ್ರಗಳ ಗುಂಭದಲ್ಲಿಯೂ ಕಿರೀಟದಂತೆ ಕಚ್ಚುಗಳಿರುವ ನಟ್ಟನ್ನು ಹಾಕಿ, ಅಡ್ಡಲಾಗಿ ಸ್ಪ್ಲಿಟ್ ಪಿನ್ನನ್ನು ತೂರಿಸಿ ಅದರ ಕಾಲುಗಳನ್ನು ಮಡಿಸುತ್ತಾರೆ. ಅದು ನಮ್ಮ ಕಡಾಣಿಯ ಸಾಕ್ಷಾತ್ ವಂಶಸ್ಥ. ಈ ಎರಡಕ್ಕೂ ಒಂದೇ ಶಾಸ್ತ್ರ: ಒಮ್ಮೆ ತೆಗೆದದ್ದನ್ನು ಮತ್ತೆ ಹಾಕತಕ್ಕದ್ದಲ್ಲ. ಕಚ್ಚಿದ ನೈಲಾನು ಸಡಿಲವಾಗಿರುತ್ತದೆ, ಮಡಿಸಿ ನೆಟ್ಟಗೆ ಮಾಡಿದ ಪಿನ್ನು ಮಡಿಕೆಯಲ್ಲಿ ಬಿರಿದಿರುತ್ತದೆ.

ಇಲ್ಲಿಯೇ ನಮಗೆ ತೊಡಕು ಬಂದದ್ದು. ಅಣ್ಣನು ಮಿತವ್ಯಯದ ಮೂರ್ತಿ. ಮೂವತ್ತೈದು ವರ್ಷ ಈ ಬಂಡಿಯಿಂದ ಬಿಚ್ಚಿದ ಒಂದು ನಟ್ಟನ್ನೂ ಅವರು ಎಸೆದವರಲ್ಲ. ಎಲ್ಲವನ್ನೂ ಒರಸಿ, ಎಣ್ಣೆ ಸವರಿ, ಹಳೆಯ ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಗಾತ್ರಕ್ಕೆ ಗಾತ್ರವನ್ನು ಕಾಗದದಲ್ಲಿ ಕಟ್ಟಿ, ಮೇಲೆ ತಮ್ಮ ದುಂಡನೆಯ ಅಕ್ಷರಗಳಲ್ಲಿ ಹೆಸರು ಬರೆದಿಟ್ಟಿದ್ದರು. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹೊಸ ಬೋಲ್ಟುನಟ್ಟುಗಳನ್ನು ತರಿಸುವ ಮಾತು ಕಿವಿಗೆ ಬೀಳುತ್ತಲೇ ಅತ್ತಿಗೆಯವರು ಆ ಡಬ್ಬಿಯನ್ನು ತಂದು ಜಗಲಿಯ ಮೇಲಿಟ್ಟರು. 'ಹಿಂದಿನ ಶಾಫ್ಟಿನ ನಟ್ಟು, 4' ಎಂಬ ಪೊಟ್ಟಣವೂ ಅದರಲ್ಲಿತ್ತು.

"ಅವರು ಕೂಡಿಟ್ಟದ್ದು ಇಷ್ಟಿರುವಾಗ ಪೇಟೆಯದೇಕೆ? ಮಣ್ಣಾದದ್ದೇ, ತುಕ್ಕು ಹಿಡಿದದ್ದೇ? ನೋಡು, ಹೇಗೆ ಹೊಳೆಯುತ್ತಿದೆ."

ಹುಡುಗನು ನನ್ನ ಮುಖವನ್ನು ನೋಡಿದನು. ಪೊಟ್ಟಣದಿಂದ ಒಂದು ನಟ್ಟನ್ನು ತೆಗೆದು ಹೊಸ ಬೋಲ್ಟಿಗೆ ಹಾಕಿ ಬೆರಳಿನಿಂದ ತಿರುಗಿಸಿದನು. ಅದು ಎಲ್ಲಿಯೂ ತಡೆಯದೆ ನೈಲಾನನ್ನು ದಾಟಿ ಕೊನೆಯವರೆಗೂ ಓಡಿತು. ಬೆರಳಿಗೇ ಓಡುವ ನಟ್ಟು ಸಲ್ಲದೆಂಬುದೇ ಪರೀಕ್ಷೆ. ಆದರೆ ಅದನ್ನು ಅತ್ತಿಗೆಗೆ ಹೇಳುವುದು ಹೇಗೆ? ಆ ಡಬ್ಬಿಯಲ್ಲಿ ಅವರಿಗೆ ಕಾಣುತ್ತಿದ್ದುದು ಕಬ್ಬಿಣವಲ್ಲ. ಸಂಜೆಯ ಹೊತ್ತು ಲಾಂದ್ರದ ಬೆಳಕಿನಲ್ಲಿ ಜಗಲಿಯ ಮೇಲೆ ಕುಳಿತು ಒಂದೊಂದನ್ನೂ ಒರಸುತ್ತಿದ್ದ ಕೈಗಳು ಕಾಣುತ್ತಿದ್ದುವು. ಯುಂಕರನನ್ನು ಕರೆತಂದು ಅವರ ಮುಂದೆ ನಿಲ್ಲಿಸುವುದು ಅಸಂಬದ್ಧ.

ಕೊನೆಗೆ ನಾನು, "ಅಣ್ಣ ಶ್ರಾದ್ಧ ಮುಗಿಸಿ ಎದ್ದ ಮೇಲೆ ಕೈಬೆರಳಿನ ಪವಿತ್ರವನ್ನು ಏನು ಮಾಡುತ್ತಿದ್ದರು?" ಎಂದು ಕೇಳಿದೆನು.

"ಗಂಟು ಬಿಚ್ಚಿ ಹಾಕಿಬಿಡುತ್ತಿದ್ದರು. ಅದನ್ನು ಯಾರು ಇಟ್ಟುಕೊಳ್ಳುತ್ತಾರೆ?"

"ದರ್ಭೆ ಹಾಳಾಗಿತ್ತೆಂದೆ?"

ಅವರು ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತು ಆ ನಟ್ಟನ್ನು ಹುಡುಗನ ಕೈಯಿಂದ ತೆಗೆದುಕೊಂಡು ತಾವೇ ಬೋಲ್ಟಿನ ಮೇಲೆ ಒಮ್ಮೆ ಮುಂದಕ್ಕೆ ಒಮ್ಮೆ ಹಿಂದಕ್ಕೆ ತಿರುಗಿಸಿದರು. ಆಮೇಲೆ, "ಬಾವಿಯ ಗಡಗಡೆ ಅಲುಗುತ್ತದೆ, ಅದಕ್ಕಾದರೂ ಆದೀತೇನಪ್ಪ?" ಎಂದು ಅವನನ್ನು ಕೇಳಿದರು. ಆದೀತೆಂದು ಅವನು ಹೇಳಿದನು. ಗಡಗಡೆಗೆ ಹಾಕಿಯೂ ಕೊಟ್ಟನು. ಬಾವಿಯಲ್ಲಿ ಕೊಡ ಬಿದ್ದರೆ ಪಾತಾಳಗರಡಿಯುಂಟು.

ಘಾಟಿಯಲ್ಲಿ ಅಂಥ ಅನುಕೂಲವಿಲ್ಲ. ಆಗುಂಬೆಯಿಂದ ಸೋಮೇಶ್ವರದ ಕಡೆಗೆ ಇಳಿಯುವ ದಾರಿಯಲ್ಲಿ 14 ತೀವ್ರವಾದ ತಿರುವುಗಳಿವೆ. ಅಲ್ಲಿ ಬಲ್ಲ ಚಾಲಕನು ಬ್ರೇಕನ್ನೇ ನೆಚ್ಚಿ ಇಳಿಯುವುದಿಲ್ಲ. ಕೆಳಗಿನ ಗೇರಿನಲ್ಲಿಟ್ಟು ಎಂಜಿನ್ನಿನಿಂದಲೇ ಬಂಡಿಯನ್ನು ಹಿಡಿದು ಇಳಿಸುತ್ತಾನೆ. ಹಾಗೆ ಹಿಡಿಯುವ ಬಲವೆಲ್ಲ ಶಾಫ್ಟಿನ ಮೂಲಕ, ಆ ನಾಲ್ಕು ಬೋಲ್ಟುಗಳ ಮೂಲಕ ಹಿಮ್ಮುಖವಾಗಿ ಬರಬೇಕು. ನಡುದಾರಿಯಲ್ಲಿ ಅವು ಕಳಚಿದರೆ ಶಾಫ್ಟಿನ ಹಿಂತುದಿ ನೆಲಕ್ಕೆ ಬಿದ್ದು ಬಡಿಯುವುದು ಒಂದು ಕೇಡು. ಎಂಜಿನ್ನಿನ ಹಿಡಿತವು ಒಮ್ಮೆಲೇ ತಪ್ಪಿ ಬಂಡಿಯ ಭಾರವೆಲ್ಲ ಕಾದ ಬ್ರೇಕುಗಳ ಮೇಲೆ ಬೀಳುವುದು ಅದಕ್ಕಿಂತ ದೊಡ್ಡ ಕೇಡು. ಹಿಂದಿನ ಆಸನದಲ್ಲಿ ಅತ್ತಿಗೆಯೂ ಅವರ ಮೊಮ್ಮಕ್ಕಳಿಬ್ಬರೂ ಕುಳಿತಿರುತ್ತಾರೆಂಬುದನ್ನು ನೆನೆದಾಗ ನಾಲ್ಕು ಹೊಸ ನಟ್ಟುಗಳ ಬೆಲೆಯನ್ನು ಲೆಕ್ಕಕ್ಕೆ ಹಿಡಿಯುವುದೇ ನಾಚಿಕೆಯ ಮಾತು.

ಬಿಗಿದ ಮೇಲೆ ಹುಡುಗನು ಒಂದು ಉಪಾಯವನ್ನು ಮಾಡಿದನು. ಒಂದೊಂದು ನಟ್ಟಿನ ಮೇಲೂ ಅದರ ಪಕ್ಕದ ಮುಖದ ಮೇಲೂ ಹಾಯುವಂತೆ ಕೆಂಪು ಬಣ್ಣದ ಸಣ್ಣ ಗೆರೆಯನ್ನೆಳೆದನು. ನಟ್ಟು ಒಂದು ಗೋಧಿಯಷ್ಟು ತಿರುಗಿದರೂ ಗೆರೆಯು ತುಂಡಾಗಿ ಕಾಣುವುದು. ಸ್ಪ್ಯಾನರು ಬೇಡ, ಬಗ್ಗಿ ನೋಡಿದರೆ ಸಾಕು. ಬಣ್ಣವು ಮನೆಯಲ್ಲಿರಲಿಲ್ಲ. ಮೊಮ್ಮಗಳು ಉಗುರಿಗೆ ಹಚ್ಚುವ ಸೀಸೆಯನ್ನು ಕೊಟ್ಟಳು, ಉಳಿದದ್ದನ್ನು ಹಿಂದಕ್ಕೆ ಕೊಡಬೇಕೆಂಬ ಕರಾರಿನ ಮೇಲೆ.

ಕಾರ್ತಿಕಮಾಸದಲ್ಲಿ ಉಡುಪಿಗೆ ಹೋಗಿಬಂದೆವು. ಹುಡುಗನೇ ಬಂಡಿಯನ್ನು ನಡೆಸಿದನು. ಹೊರಡುವಾಗ ಶಬ್ದವಿರಲಿಲ್ಲ, ಕಾಲು ತೆಗೆದಾಗಲೂ ಇರಲಿಲ್ಲ. ಅತ್ತಿಗೆಯವರು ಘಾಟಿಯ ಮೂರನೆಯ ತಿರುವಿನಿಂದ ಕೆಳಗೆ ನಿದ್ದೆಹೋದರು. ಮನೆಗೆ ಬಂದ ಮರುದಿನ ಬೆಳಗ್ಗೆ, ಹೊಸದಾಗಿ ಬಿಗಿದ ಬೋಲ್ಟುಗಳನ್ನು ಕೆಲವು ನೂರು ಕಿಲೋಮೀಟರು ಓಡಿದ ಮೇಲೆ ಇನ್ನೊಮ್ಮೆ ನೋಡಬೇಕೆಂಬ ನಿಯಮದಂತೆ, ಜಗಲಿಯ ಚಾಪೆಯನ್ನು ಬಂಡಿಯ ಕೆಳಗೆ ಹಾಸಿಕೊಂಡು ಟಾರ್ಚು ಹಿಡಿದು ನೋಡಿದೆನು. ನಾಲ್ಕು ಗೆರೆಗಳೂ ಅಖಂಡವಾಗಿದ್ದುವು. ಮುಂದಿನ ಚಕ್ರಗಳಲ್ಲಿರುವ ಸ್ಪ್ಲಿಟ್ ಪಿನ್ನುಗಳು ಎಷ್ಟು ವರ್ಷದವೆಂದು ಹೇಳುವವರು ಈಗ ಮನೆಯಲ್ಲಿ ಯಾರೂ ಇಲ್ಲ. ಡಬ್ಬಿಯಲ್ಲಿ ಅವುಗಳ ಪೊಟ್ಟಣವಂತೂ ಸಿಕ್ಕಲಿಲ್ಲ. ಬರುವ ಭಾನುವಾರ ಹುಡುಗನು ಬರುತ್ತೇನೆಂದಿದ್ದಾನೆ. ಹೊಸ ಪಿನ್ನುಗಳಿಗೆ ಹೇಳಿಕಳುಹಿಸಿದ್ದೇನೆ.